ಮುಟ್ಟದ ಬೆರಳುಗಳು

ಸಮ್ಮೇಳನಗಳ ಕಾಲ ಬಂತೆಂದರೆ, ರಜೆಗೆ ಊರಿಗೆ ಬಂದ ಯುವ ವೈದ್ಯರು ಹಾಸನದ ನನ್ನ ಆಪ್ತಸಲಹೆಯ ಕೊಠಡಿಗೆ ಬರುವುದುಂಟು. ಅಂಥ ಒಬ್ಬ ವೈದ್ಯೆಯ ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಎಂ.ಡಿ. ಮುಗಿಸಿ, ಬೇರೆ ಊರಲ್ಲಿ ಕೀಲುರೋಗದ ಡಿ.ಎಂ. (ಎಂ.ಡಿ. ನಂತರದ ಉನ್ನತ ಪದವಿ) ಓದುತ್ತಿದ್ದರು, ಮೂರು ವರ್ಷದ ಕೋರ್ಸಿನಲ್ಲಿ ಎರಡನೆಯ ವರ್ಷ. ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತದ ರೋಗಿಗಳನ್ನು ಆರು ತಿಂಗಳು ಗಮನಿಸಿದ ಅವರ ಅಧ್ಯಯನ, ಸಮ್ಮೇಳನದ ಪ್ರಶಸ್ತಿ ಸುತ್ತಿಗೆ ಆಯ್ಕೆಯಾಗಿತ್ತು. ಮನೆಯವರು ಸಿಹಿ ಹಂಚಿದ್ದರು. ಆಕೆಗೆ ನಿದ್ದೆಯಿಲ್ಲ. ಮೊದಲೆರಡು ಭೇಟಿಯಲ್ಲಿ ಇದು ಸಭಾಕಂಪನವೆಂದೇ ತಿಳಿದು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅದು ನನ್ನ ತಪ್ಪು.

ಮೂರನೆಯ ಸಲ, ರೋಗ ಕಡಿಮೆಯಾಗಿದೆಯೆಂದು ಹೇಗೆ ಅಳೆಯುತ್ತೀರಿ ಎಂದು ಕೇಳಿದೆ. ಆಕೆ ನನ್ನ ಕೈಯನ್ನೇ ಹಿಡಿದು ತೋರಿಸಿದರು. ಡಿಎಎಸ್28 ಎಂಬ ಲೆಕ್ಕಕ್ಕೆ 28 ಕೀಲುಗಳನ್ನು ಒತ್ತಿ ನೋಡಬೇಕು: ನೋವು ಎಷ್ಟರಲ್ಲಿ, ಊತ ಎಷ್ಟರಲ್ಲಿ. ಅದರಲ್ಲಿ 20 ಕೀಲುಗಳು ಕೈಬೆರಳುಗಳವೇ. ಒಂದೊಂದಾಗಿ ನನ್ನ ಬೆರಳ ಗೆಣ್ಣು ಒತ್ತುತ್ತಿದ್ದವರು ಇದ್ದಕ್ಕಿದ್ದಂತೆ ಕೈ ಬಿಟ್ಟರು.

"ಹನ್ನೊಂದು ಜನರ ಬೆರಳು ನಾನು ಮುಟ್ಟೇ ಇಲ್ಲ, ಮೇಡಂ."

ಸಕಲೇಶಪುರ, ಆಲೂರು ಕಡೆಯ ತೋಟದ ಹೆಂಗಸರು. ಆರನೆಯ ತಿಂಗಳ ತಪಾಸಣೆ ಕಾಫಿ ಕೊಯ್ಲಿನ ದಿನಗಳಿಗೇ ಬಿದ್ದಿತ್ತು. ಕೂಲಿ ಬಿಟ್ಟು ಯಾರು ಬರುತ್ತಾರೆ? ಸಾರಾಂಶ ಕಳುಹಿಸುವ ಕೊನೆಯ ರಾತ್ರಿ ಆಕೆ ಖಾಲಿ ಜಾಗಗಳಿಗೆ ಅಂಕಿ ತುಂಬಿದ್ದರು. ಹನ್ನೊಂದು ಮಂದಿಗೂ ರೋಗ ತಗ್ಗಿದೆಯೆಂದು.

ಈ ವಾರವೇ ಗೈಡ್‌ಗೆ ಹೇಳಿ, ಪ್ರಶಸ್ತಿ ಸುತ್ತಿನಿಂದ ಹಿಂದೆ ಸರಿಯಿರಿ, ಬಾರದವರನ್ನು ಬಾರದವರೆಂದೇ ಬರೆಯಿರಿ ಎಂದೆ. ಗೈಡ್ ಮುಂದೆ ಆಡಬೇಕಾದ ಮಾತನ್ನು ಇಬ್ಬರೂ ಕೂತು ಬರೆದೆವು.

ಆಕೆಯ ತಂದೆ ಫೋನ್ ಮಾಡಿ, "ಮಗಳ ಭವಿಷ್ಯಕ್ಕೇ ಕಲ್ಲು ಹಾಕಿದಿರಲ್ಲ" ಎಂದರು. ಪ್ರಶಸ್ತಿ ಹಗುರವೆಂದು ನಾನು ಹೇಳಿಲ್ಲ. ಫೆಲೋಶಿಪ್ಪಿನ ಅರ್ಜಿಗೆ, ಹೊರದೇಶದ ಸಮ್ಮೇಳನದ ಪ್ರಯಾಣಧನಕ್ಕೆ ಅದು ಬೆಂಬಲವಾದೀತು. ಆದರೆ ಆ ಅಂಕಿಯನ್ನು ನಂಬಿ ನಾಳೆ ಇನ್ನೊಬ್ಬ ವೈದ್ಯರು ಇನ್ನೊಬ್ಬಳ ಮಾತ್ರೆ ನಿರ್ಧರಿಸುತ್ತಾರೆ. ನಿದ್ದೆ ಬರುವಂತೆ ಮಾಡಿ, ಆ ಅಂಕಿಯನ್ನು ಹಾಗೇ ಬಿಟ್ಟು ಕಳುಹಿಸಿದ್ದರೆ ನಾನು ಆಪ್ತಸಲಹೆಗಾರ್ತಿ ಹೇಗಾಗುತ್ತಿದ್ದೆ? ನಾನೇ ಏಕೆ ದೂರು ಕೊಡಲಿಲ್ಲವೆಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಂಬಿ ಆಡಿದ ಮಾತು ಅದು. ತಿದ್ದುವ ಅವಕಾಶ ಮೊದಲು ಆಕೆಗೇ ಸಲ್ಲಬೇಕಿತ್ತು.

ಸಂಶೋಧನೆ ಮಾಡುವ ಮಕ್ಕಳಿರುವ ಮನೆಯವರಲ್ಲಿ ಒಂದು ಕೋರಿಕೆ: "ಪ್ರೈಜ್ ಬಂತಾ" ಎಂದು ಕೇಳುವ ಮೊದಲು, ಯಾವ ರೋಗಿ ಬರಲಿಲ್ಲವೆಂದು ಒಮ್ಮೆ ಕೇಳಿ.

ಗೈಡ್ ಗದರಿದರಂತೆ, ಆಮೇಲೆ ತಿದ್ದುಪಡಿಗೆ ಸಹಿ ಹಾಕಿದರಂತೆ. ಎರಡು ಭಾನುವಾರ ಆಕೆ ಸಕಲೇಶಪುರಕ್ಕೆ ಹೋಗಿ ಏಳು ಮಂದಿಯನ್ನು ಹುಡುಕಿ ನೋಡಿದರು. ಅವಧಿ ಮೀರಿದ್ದರಿಂದ ಆ ಲೆಕ್ಕ ಅಧ್ಯಯನಕ್ಕೆ ಸೇರದು. ಇಬ್ಬರು ಮಾತ್ರೆಯನ್ನೇ ನಿಲ್ಲಿಸಿದ್ದರು. ಒಬ್ಬಾಕೆಗೆ ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ.