ಹಿಂದಿನ ಹೌಸಿಂಗ್ ಗುಂಯ್ ಅಂತೈತಿ, ಬಿಚ್ಚಿಸ್ಲೋ ಬ್ಯಾಡೋ?

ಈ ಸಲ ನಾಲ್ಕು ಪತ್ರ ತಗೊಂಡೀನಿ, ನಾಲ್ಕೂ ಹಳೇ ಲಾರಿ ಹಿಂದಿನ ಹೌಸಿಂಗ್, ಅಂದ್ರ ಹಿಂದಿನ ಗಾಲಿ ತಿರುಗಿಸೋ ಗೇರು ಇರೋ ಆಕ್ಸಲ್ ಡಬ್ಬಿ, ಅದರ ಬಗ್ಗೇನ. ಕಾರಟಗಿಯವ್ರ ಪತ್ರಕ್ಕ ಜಾಸ್ತಿ ಜಾಗ ಕೊಟ್ಟೀನಿ, ಯಾಕಂದ್ರ ಅವ್ರು ಬಿಚ್ಚಿಸೋಕ್ಕಿಂತ ಮೊದ್ಲ ಕೇಳ್ಯಾರ.

ಪ್ರಶ್ನೆ: ಅಣ್ಣಾರ ನಮಸ್ಕಾರ. ನಂದು 2008ರ ಆರು ಗಾಲಿ ಲಾರಿ, ಮೂರು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮೊದ್ಲು ಸಂಡೂರು ಕಡೆ ಅದಿರು ಹೊಡೀತಿತ್ತಂತ. ಈಗ ನಾನು ಮಿಲ್ಲಿನಿಂದ ಅಕ್ಕಿ ಹೇರ್ಕೊಂಡು ಹುಬ್ಬಳ್ಳಿ ತನಕ ಹೋಗ್ತೀನಿ. ಎರಡು ತಿಂಗಳಿಂದ 40-45ರ ಸ್ಪೀಡಿಗೆ ಬಂದ್ರ ಹಿಂದ್ಲಿಂದ ಗುಂಯ್ ಅಂತ ಸದ್ದು, ಲೋಡ್ ಇದ್ರ ಜಾಸ್ತಿ, ಆಕ್ಸಲರೇಟರ್ ಬಿಟ್ರ ಕಮ್ಮಿ ಆಗ್ತೈತಿ ಆದ್ರ ಪೂರ್ತಿ ಹೋಗಂಗಿಲ್ಲ. ಒಬ್ಬ ಮೇಸ್ತ್ರಿ ಕ್ರೌನ್ ಪಿನಿಯನ್ ಹೋಗೈತಿ ಅಂತಾರ, ಇನ್ನೊಬ್ರು ಬೇರಿಂಗ್ ಅಂತಾರ, ಮೂರನೇದವ್ರು ಹಳೇ ಸೆಟ್ ತಂದು ಕೂಡ್ರಿಸಿಬಿಡು ಅಂತಾರ. ಲಾರಿ ಸಾಲದ ಕಂತು ಇನ್ನಾ ಐತಿ, ಯಾರ ಮಾತು ಕೇಳ್ಲಿ?
ಲಾರಿ ಮಾಲೀಕರು, ಕಾರಟಗಿ

ಉತ್ತರ: ತಮ್ಮಾರ, ಮೂರೂ ಮಂದಿ ಹೇಳಿದ್ದು ಆಗಿರಬಹುದು, ಆದ್ರ ಗಾಡಿ ಓಡಿಸಿ ನೋಡದ ಯಾರಿಗೂ ಹೇಳಾಕ ಬರಂಗಿಲ್ಲ. ಆಕ್ಸಲರೇಟರ್ ಬಿಟ್ರ ಕಮ್ಮಿ ಆಗ್ತೈತಿ ಆದ್ರ ಪೂರ್ತಿ ಹೋಗಂಗಿಲ್ಲ ಅಂತ ಬರದೀರಲ್ಲ, ಅದು ಭಾಳ ಉಪಯೋಗದ ಮಾತು, ಅಲ್ಲಿಂದ ಶುರು ಮಾಡೂಣು.

ಹಿಟ್ನಾಳದ ಕಡೆ ನಾಲ್ಕು ಲೇನಿನ ರಸ್ತೆಗೆ ಬೆಳಿಗ್ಗೆ ಜಲ್ದಿ ಹೋಗ್ರಿ, ಗದ್ದಲ ಇರಬಾರ್ದು, ರಸ್ತೆ ಸಪಾಟ ಇರಬೇಕು. ಕ್ಲೀನರ್ ಹುಡುಗನ ಕೈಯಾಗ ಒಂದು ನೋಟ್‌ಬುಕ್ ಕೊಡ್ರಿ. 45ಕ್ಕ ತಗೊಂಡು ಹೋಗಿ ಮೊದ್ಲು ಆಕ್ಸಲರೇಟರ್ ಒತ್ತಿ ಎಳಸ್ರಿ, ಆಮ್ಯಾಲ ಗೇರಿನ್ಯಾಗ ಇಟ್ಟು ಪೂರ್ತಿ ಕಾಲು ತೆಗೀರಿ, ಆಮ್ಯಾಲ ಎಳಿಯೋದೂ ಇಲ್ಲ ತಡಿಯೋದೂ ಇಲ್ಲ ಅನ್ನೂವಂಗ ಹಗೂರ ಹಿಡದು ನೋಡ್ರಿ, ಕಡೀಗೆ ಇಂಜಿನ್ ಚಾಲೂ ಇಟ್ಟ ನ್ಯೂಟ್ರಲ್ ಮಾಡಿ ಕೇಳ್ರಿ. ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಬ್ಯಾಡ್ರಿ, ಇಂಜಿನ್ ಅಂತೂ ಆಫ್ ಮಾಡಲೇಬ್ಯಾಡ್ರಿ, ಏರ್ ಬ್ರೇಕಿನ ಗಾಡಿ ಅದು.

ಇಂಜಿನ್ನಿನ ಶಕ್ತಿ ಪ್ರೊಪೆಲರ್ ಶಾಫ್ಟ್ ಅನ್ನೋ ಉದ್ದ ದಂಡದಿಂದ ಹಿಂದಕ್ಕ ಬರ್ತೈತಿ, ಅದು ತಿರುಗಿಸೋ ಸಣ್ಣ ಗೇರು ಪಿನಿಯನ್ (ಟೇಲ್ ಪಿನಿಯನ್), ಪಿನಿಯನ್ ತಿರುಗಿಸೋ ದೊಡ್ಡ ಗೇರು ಕ್ರೌನ್. ಎಳಿಯುವಾಗ ಹಲ್ಲಿನ ಒಂದು ಮುಖ ಕೆಲಸ ಮಾಡ್ತೈತಿ, ಕಾಲು ಬಿಟ್ಟಾಗ ಹಲ್ಲಿನ ಹಿಂದಿನ ಮುಖ. ಹಿಂಗಾಗಿ ಎಳಿಯುವಾಗ ಅಷ್ಟ ಸದ್ದು ಬಂದು ಬಿಟ್ಟಾಗ ಪೂರ್ತಿ ಸುಮ್ಮನಾದ್ರ ಕ್ರೌನ್ ಪಿನಿಯನ್ ಹಲ್ಲಿನ ಮ್ಯಾಲ ಅನುಮಾನ ಪಡಬೇಕು. ಬಿಟ್ಟಾಗ ಅಷ್ಟ ಬಂದ್ರ ಟೇಲ್ ಪಿನಿಯನ್ ಬೇರಿಂಗಿನ ಬಿಗಿ ಸಡ್ಲ ಆಗಿರಬಹುದು. ಎಲ್ಲಾದ್ರಾಗೂ ಒಂದೇ ಸಮ ಇದ್ರ ಅದು ಬೇರಿಂಗ್. ಡಾಂಬರ್ ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದ ಕೂಡ್ಲೆ ಸದ್ದಿನ ದನಿ ಬದಲಾದ್ರ ಅದು ಟೈರು, ಹೌಸಿಂಗಿಗೆ ಕೈನ ಹಚ್ಚಬ್ಯಾಡ್ರಿ. ತಿರುವಿನ್ಯಾಗ ಅಷ್ಟ ಕಟಕಟ ಅಂದ್ರ ಒಳಗಿನ ಸ್ಟಾರ್ ಪಿನಿಯನ್ (ತಿರುವಿನ್ಯಾಗ ಎರಡೂ ಕಡೆ ಗಾಲಿ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಾಕ ಬಿಡೋ ಸಣ್ಣ ಗೇರು), ಅದರ ವಾಷರ್ ನೋಡಬೇಕು, ಆದ್ರ ತಿರುಗುವಾಗ ಭಾರ ಒಂದು ಕಡೆ ವಾಲ್ತೈತಲ್ಲ, ಹಬ್ (ಗಾಲಿ ನಡುವಿನ ಗುಂಬ) ಬೇರಿಂಗೂ ಆವಾಗ ಜಾಸ್ತಿ ಕೂಗ್ತೈತಿ, ಅದನ್ನ ಮರೀಬ್ಯಾಡ್ರಿ.

ಸದ್ದು ದಪ್ಪ ಐತೋ ಸಣ್ಣ ಐತೋ ಅನ್ನೋದೂ ನೋಡ್ರಿ. ನಿಮ್ಮಂಥ ಗಾಡಿ 45ರ ಸ್ಪೀಡಿನ್ಯಾಗ ಇದ್ರ ಗಾಲಿ ಸೆಕೆಂಡಿಗೆ ಸುಮಾರು 4 ಸುತ್ತು ತಿರುಗ್ತೈತಿ. ಪಿನಿಯನ್ನಿಗೆ 6 ಹಲ್ಲು ಕ್ರೌನಿಗೆ 41 ಹಲ್ಲು ಇದ್ರ ಪ್ರೊಪೆಲರ್ ಶಾಫ್ಟ್ ಸೆಕೆಂಡಿಗೆ 26 ಸುತ್ತಿನ ಆಸುಪಾಸು ತಿರುಗ್ತೈತಿ, ಹಲ್ಲಿಗೆ ಹಲ್ಲು ಕಚ್ಚೋದು ಸೆಕೆಂಡಿಗೆ 150 ದಾಟ್ತೈತಿ. ಅದಕ್ಕ ಹಲ್ಲಿನ ಸದ್ದು ಗುಂಯ್ ಅಂತ ಒಂದೇ ರಾಗದಾಗ ಬರ್ತೈತಿ, ಹಬ್ ಬೇರಿಂಗ್ ಸದ್ದು ದಪ್ಪಗೆ ಗುರ್ರ್ ಗುರ್ರ್ ಅಂತ ಬರ್ತೈತಿ. ನೀವು ಗುಂಯ್ ಅಂತ ಬರದೀರಿ, ಕಾಲು ಬಿಟ್ರ ಕಮ್ಮಿ ಆಗ್ತೈತಿ ಆದ್ರ ಪೂರ್ತಿ ಹೋಗಂಗಿಲ್ಲ ಅಂತೀರಿ, ಹಿಂಗಾಗಿ ನನ್ನ ಮೊದಲ ಅನುಮಾನ ಟೇಲ್ ಪಿನಿಯನ್ ಬೇರಿಂಗ್, ಅದು ಸವದು ಪಿನಿಯನ್ ಜಾಗ ಬಿಟ್ಟು ಸರದು ಈಗ ಹಲ್ಲನ್ನೂ ತಿನ್ನಾಕ ಹತ್ತಿರಬಹುದು. ಇದು ಅನುಮಾನ ಅಷ್ಟ, ಖಾತ್ರಿ ಮಾಡ್ಕೊಳ್ಳೋದು ಹೆಂಗ ಅಂತ ಹೇಳ್ತೀನಿ.

ಗಾಡಿ ಖಾಲಿ ಮಾಡಿ ಸಪಾಟ ಜಾಗದಾಗ ನಿಲ್ಲಿಸಿ ಮುಂದಿನ ಗಾಲಿಗೆ ಕಲ್ಲು ಕೊಡ್ರಿ. ಪ್ರೊಪೆಲರ್ ಶಾಫ್ಟ್ ಹಿಂದಿನ ಬೋಲ್ಟ್ ಬಿಚ್ಚಿ ಕೆಳಗ ಇಳಿಸ್ರಿ. ಈಗ ಪಿನಿಯನ್ ಫ್ಲ್ಯಾಂಜ್ (ಶಾಫ್ಟಿನ ಬೋಲ್ಟ್ ಕೂಡೋ ತಟ್ಟಿ) ಎರಡೂ ಕೈಲೆ ಹಿಡದು ಮ್ಯಾಲ ಕೆಳಗ, ಒಳಗ ಹೊರಗ ಅಲ್ಲಾಡಿಸಿ ನೋಡ್ರಿ. ತಿರುಗೋದ್ರಾಗ ಸ್ವಲ್ಪ ಆಟ ಇರ್ತೈತಿ, ಇರಬೇಕು, ಆದ್ರ ಮ್ಯಾಲ ಕೆಳಗ ಕೈಗೆ ಗೊತ್ತಾಗುವಷ್ಟು ಅಲ್ಲಾಡಿದ್ರ ಬೇರಿಂಗ್ ಹೋಗೈತಿ ಅಂತನ ಅರ್ಥ. ಅಲ್ಲೇ ಆಯಿಲ್ ಸೀಲ್ ಹಸಿ ಆಗಿದ್ರ ಇನ್ನೊಂದು ಸಾಕ್ಷಿ. ಪ್ರೊಪೆಲರ್ ಶಾಫ್ಟ್ ಕೆಳಗಿಳಿಸಿದ್ದ ಹೊತ್ತಿನ್ಯಾಗ ಕ್ರಾಸ್ (ಶಾಫ್ಟಿನ ಕೀಲು) ತಿರುಗಿಸಿ ನೋಡ್ರಿ, ಸೆಂಟರ್ ಬೇರಿಂಗ್ ರಬ್ಬರ್ ನೋಡ್ರಿ, ಯು ಬೋಲ್ಟ್ ಬಿಗಿ ಅದಾವೋ ಇಲ್ಲೋ ನೋಡ್ರಿ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಟಕ್ ಅನ್ನೋದು ಭಾಳ ಸಲ ಇವುಗಳಿಂದನ.

ಆಮ್ಯಾಲ ಹಬ್. ಒಂದೊಂದ ಕಡೆ ಜಾಕಿ ಎಬ್ಬಿಸಿ ಆಕ್ಸಲ್ ಕೆಳಗ ಸ್ಟ್ಯಾಂಡ್ ಕೊಟ್ಟು ಗಾಲಿ ಮ್ಯಾಲ ಕೆಳಗ ಹಿಡದು ಅಲ್ಲಾಡಿಸ್ರಿ, ಕೈಲೆ ತಿರುಗಿಸಿ ಕೇಳ್ರಿ. ಬರೇ ಜಾಕಿ ಮ್ಯಾಲ ನಂಬಿ ಯಾರನ್ನೂ ಕೆಳಗ ಕಳಸಬ್ಯಾಡ್ರಿ, ಹುಡುಗರನ್ನಂತೂ ಬ್ಯಾಡ್ರಿ. ಐವತ್ತು ಕಿಲೋಮೀಟರ್ ಓಡಿ ನಿಲ್ಲಿಸಿದ ಕೂಡ್ಲೆ ಎಡಕ್ಕೂ ಬಲಕ್ಕೂ ಹಬ್ಬಿನ ಹತ್ರ ಕೈ ಹಿಡದು ನೋಡ್ರಿ, ಒಂದು ಕಡೆ ಕಾವು ಭಾಳ ಜಾಸ್ತಿ ಇದ್ರ ಬೇರಿಂಗ್ ಇಲ್ಲಾ ಬ್ರೇಕ್ ಹಿಡಿಯಾಕತ್ತೈತಿ.

ಹೌಸಿಂಗ್ ಆಯಿಲ್ ಇಳಿಸುವಾಗ ಬಿಳೀ ಬಟ್ಟಿ ಮ್ಯಾಲ ಸೋಸ್ರಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕ ಕರೀ ನುಣ್ಣಗಿನ ಮೇಣದಂಥದ್ದು ಹತ್ತಿದ್ರ ಹೆದರಬ್ಯಾಡ್ರಿ, ಅದು ಸಹಜ ಸವಕಳಿ. ಹೊಳಿಯೋ ಚೂರು, ಹಲ್ಲಿನ ಮೂಲಿ ಬಂದ್ರ ಅಲ್ಲಿಗೆ ಮುಗೀತು, ಆ ಗಾಡಿಗೆ ಮತ್ತ ಲೋಡ್ ಹಾಕಬ್ಯಾಡ್ರಿ.

ಇಷ್ಟು ಒತ್ತಿ ಹೇಳಾಕ ಒಂದು ಕಾರಣ ಐತಿ. ಭಾಳ ವರ್ಷದ ಹಿಂದ ಒಬ್ಬ ಬಡ ಮಾಲೀಕರ ಗಾಡಿಗೆ ಸದ್ದು ಕೇಳಿದ ಕೂಡ್ಲೆ ನಾನು ಕ್ರೌನ್ ಪಿನಿಯನ್ ಅಂತ ಹೇಳಿ ಹೊಸ ಸೆಟ್ ಹಾಕಿಸಿದೆ, ಅವ್ರು ಹೆಂಡ್ತಿ ಬಂಗಾರ ಅಡ ಇಟ್ಟು ರೊಕ್ಕ ತಂದಿದ್ರು. ಮೊದಲ ಟ್ರಿಪ್ಪಿಗೇನ ಅದ ಸದ್ದು. ನೋಡಿದ್ರ ಎಡಗಡೆ ಹಬ್ಬಿನ ಒಳಗಿನ ಬೇರಿಂಗಿನ ಕಪ್ (ಹೊರಗಿನ ಬಳೆ) ಚಕ್ಕೆ ಎದ್ದಿತ್ತು. ಮಜೂರಿ ವಾಪಸ್ ಕೊಟ್ಟೆ, ಸಾಮಾನಿನ ರೊಕ್ಕ ಕೊಡೋ ಶಕ್ತಿ ನನಗಿರಲಿಲ್ಲ. ಆ ಮನುಷ್ಯ ಒಂದು ಮಾತೂ ಅನ್ನಲಿಲ್ಲ, ಅದಕ್ಕ ಇವತ್ತಿಗೂ ಮನಸಿಗೆ ಚುಚ್ಚತೈತಿ.

ಅದಿರು ಹೊಡದ ಗಾಡಿ ಅಂದ್ರಿ. 2011ರ ಜುಲೈನ್ಯಾಗ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದ ಮ್ಯಾಲ ನಮ್ಮ ಕಡೆ ಲಾರಿ ಸಾಲುಸಾಲು ನಿಂತು ಮಳಿ ಬಿಸಿಲು ತಿಂದಾವ. ನಿಂತ ಗಾಡಿ ಹೌಸಿಂಗಿನ್ಯಾಗ ಆಯಿಲ್ ಕೆಳಗ ಇಳದು, ಮ್ಯಾಲಿನ ಬೇರಿಂಗಿಗೆ ಗಾಳಿಯೊಳಗಿನ ನೀರು ಕೂತು ತುಕ್ಕು ಹಿಡೀತೈತಿ, ಆ ತುಕ್ಕಿನ ಕುಳಿ ಮುಂದ ಸದ್ದು ಆಗ್ತೈತಿ. ಅದಕ್ಕೂ ಮೊದ್ಲ ಓವರ್‌ಲೋಡ್ ಎಳದಿದ್ದು ಬ್ಯಾರೆ. ನಿಮ್ಮಂಥ ಗಾಡಿ ಹಿಂದಿನ ಆಕ್ಸಲಿಗೆ ಆವಾಗಿನ ಕಾನೂನು ಮಿತಿ 10.2 ಟನ್, 2018ರಾಗ ಅದನ್ನ 11.5 ಮಾಡ್ಯಾರ, ಆದ್ರ ನಿಮ್ಮ ಗಾಡಿ ಕ್ರೌನು ಬೇರಿಂಗು ಅವ ಹಳೇವ ಅದಾವ, ಹೊಸ ಮಿತಿ ಬಂತಂತ ಅವಕ್ಕ ಶಕ್ತಿ ಬರಂಗಿಲ್ಲ.

ಈಗ ಸಾಮಾನು. ಬರೇ ಮಾಡೆಲ್ ಹೆಸ್ರು ಹೇಳಿ ಅಂಗಡ್ಯಾಗ ಕೇಳಬ್ಯಾಡ್ರಿ, ಒಂದ ಮಾಡೆಲಿನ್ಯಾಗ 6/41ನೂ ಸಿಗ್ತೈತಿ 7/41ನೂ ಸಿಗ್ತೈತಿ. 6/41 ಅಂದ್ರ ಗಾಲಿ ಒಂದು ಸುತ್ತಿಗೆ ಪ್ರೊಪೆಲರ್ 6.83 ಸುತ್ತು, 7/41 ಅಂದ್ರ 5.86. ತಪ್ಪಿ 7/41 ಕೂಡ್ರಿಸಿದ್ರ ಸ್ಪೀಡು ಬರ್ತೈತಿ, ಆದ್ರ ಲೋಡ್ ಹೇರಿ ದಿಬ್ಬ ಹತ್ತುವಾಗ ಗಾಡಿ ಉಸಿರು ಕಟ್ತೈತಿ. ಬಿಚ್ಚದ ಎಣಿಸಬೇಕಂದ್ರ ಒಂದ ಗಾಲಿ ಎಬ್ಬಿಸಿ ಅದನ್ನ ಕೈಲೆ ಎರಡು ಸುತ್ತು ತಿರುಗಿಸಿ ಪ್ರೊಪೆಲರ್ ಸುತ್ತು ಎಣಿಸ್ರಿ, ಒಂದ ಗಾಲಿ ನೆಲದ ಮ್ಯಾಲ ಇದ್ದಾಗ ಎರಡು ಸುತ್ತಿಗೆ ಕ್ರೌನು ಒಂದು ಸುತ್ತು ತಿರುಗ್ತೈತಿ.

ಕ್ರೌನು ಪಿನಿಯನ್ನು ಕಾರ್ಖಾನಿನ್ಯಾಗ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿ ಕಳಸ್ತಾರ, ಎರಡರ ಮ್ಯಾಲೂ ಒಂದ ಜೋಡಿ ನಂಬರ್ ಇರ್ತೈತಿ. ನಂಬರ್ ಬ್ಯಾರೆ ಇದ್ರ ಎಷ್ಟು ಅಗ್ಗ ಕೊಟ್ರೂ ತಗೋಬ್ಯಾಡ್ರಿ. ಪಿನಿಯನ್ ಒಂದನ್ನ ಬದಲಿ ಮಾಡೂಣು, ಕ್ರೌನ್ ಚಲೋ ಐತಿ ಅನ್ನೋ ಮೇಸ್ತ್ರಿ ಮಾತಿಗೂ ಒಪ್ಪಬ್ಯಾಡ್ರಿ. ಬೇರಿಂಗ್ ಮ್ಯಾಲ ನಂಬರ್ ಕೊರದಿರ್ತಾರ, ಉದಾಹರಣೆಗೆ 32310 ಅಂದ್ರ ಕಡೀ ಎರಡು ಅಂಕಿ 10, ಅದಕ್ಕ 5ರಿಂದ ಗುಣಿಸ್ರಿ, ಒಳಗಿನ ತೂತು 50 ಮಿಲಿಮೀಟರ್. ಹಳೇ ಬೇರಿಂಗ್ ಚೀಲದಾಗ ಹಾಕ್ಕೊಂಡು ಹೋಗಿ ನಂಬರಿಗೆ ನಂಬರ್ ತಾಳೆ ನೋಡ್ರಿ. ಕೋನ್ (ಒಳಗಿನ ಬಳೆ) ಹೊಸಾದು, ಕಪ್ (ಹೊರಗಿನ ಬಳೆ) ಹಳೇದು ಹಾಕೋ ಉಳಿತಾಯ ಬ್ಯಾಡ, ಎರಡೂ ಒಟ್ಟಿಗೆ ಹಾಕಸ್ರಿ.

ಮೂರನೇ ಮೇಸ್ತ್ರಿ ಹೇಳಿದ ಹಳೇ ಸೆಟ್ ಕೂಡ ತಪ್ಪಲ್ಲ. ಹಲ್ಲೂ ಬೇರಿಂಗೂ ಎರಡೂ ಕೆಟ್ಟಿದ್ರ ಒಂದು ಚಲೋ ಹಳೇ ಸೆಟ್ ಅಗ್ಗ ಬೀಳಬಹುದು. ಬಳ್ಳಾರಿ, ಹುಬ್ಬಳ್ಳಿ ಗುಜರಿ ಅಂಗಡ್ಯಾಗ ಮೊದ್ಲು ವಿಚಾರ್ಸ್ರಿ, ಸಿಗಲಿಲ್ಲಂದ್ರ ವಿಜಯವಾಡದ ಆಟೋನಗರಕ್ಕ ನಮ್ಮ ಕಡೆಯ ಗಾಡಿಗೋಳು ಹೋಗೋದು ಐತಲ್ಲ, ಗೊತ್ತಿದ್ದ ಡ್ರೈವರ್ ಕೈಲೆ ಕೇಳಸ್ರಿ. ಆದ್ರ ಹಲ್ಲು ಎಣಿಸದ, ಆಕ್ಸಲ್ ಶಾಫ್ಟಿನ ತುದಿಯ ಹಲ್ಲು ತಾಳೆ ನೋಡದ, ಫ್ಲ್ಯಾಂಜಿನ ಬೋಲ್ಟ್ ತೂತು ಅಳೀದ ರೊಕ್ಕ ಕೊಡಬ್ಯಾಡ್ರಿ. ತೊಳದು ಬಣ್ಣ ಹೊಡದು ಇಟ್ಟಿದ್ದಕ್ಕಿಂತ ಹಳೇ ಆಯಿಲ್ ಹತ್ತಿದ್ದ ನನಗ ಜಾಸ್ತಿ ನಂಬಿಕಿ, ಆ ಆಯಿಲಿನ್ಯಾಗ ಬಟ್ಟು ಅದ್ದಿ ಚೂರು ಅದಾವೇನಂತ ನೋಡಬಹುದು.

ಪ್ರಶ್ನೆ: ಹೊಸ ಕ್ರೌನ್ ಪಿನಿಯನ್ ಹಾಕಿಸಿ ಒಂದು ತಿಂಗಳಾತು, ಸದ್ದು ಮೊದಲಿಗಿಂತ ಜಾಸ್ತಿ ಆಗೈತಿ. ಗ್ಯಾರೇಜಿನವ್ರು ಓಡ್ತಾ ಓಡ್ತಾ ಸೆಟ್ ಆಗ್ತೈತಿ ಅಂತಾರ. ಖರೇನ?
ಚಾಲಕರು, ಸಿಂಧನೂರು

ಉತ್ತರ: ಆಗಂಗಿಲ್ರಿ. ಮೊದಲ ದಿನದಿಂದ ಕೂಗೋ ಹಲ್ಲು ಓಡಿದಷ್ಟೂ ತನ್ನ ತಪ್ಪು ಜಾಗಾನ ಸವಸ್ಕೊಂತ ಹೋಗ್ತೈತಿ. ಪಿನಿಯನ್ ಎಷ್ಟು ಒಳಗ ಕೂಡಬೇಕು ಅನ್ನೋದು ಶಿಮ್ಮಿನ (ನಡುವ ಹಾಕೋ ತೆಳು ಬಿಲ್ಲೆ) ಲೆಕ್ಕ, ಹಳೇ ಶಿಮ್ಮನ್ನ ಹಂಗ ಹಾಕಿದ್ರ ಹೊಸ ಜೋಡಿಗೆ ಅದು ಹೊಂದತೈತಿ ಅಂತ ಹೇಳಾಕ ಬರಂಗಿಲ್ಲ. ಅವ್ರಿಗೆ ಒಂದ ಮಾತು ಕೇಳ್ರಿ, ಹಲ್ಲಿಗೆ ಬಣ್ಣ ಹಚ್ಚಿ ಕಚ್ಚು ನೋಡಿದ್ರೇನು ಅಂತ. ಬಣ್ಣದ ಗುರುತು ಹಲ್ಲಿನ ನಡುವ ಬರಬೇಕು, ತುದಿಗೋ ಬುಡಕ್ಕೋ ಅಂಚಿಗೋ ಹೋಗಿದ್ರ ಶಿಮ್ ಬದಲಿಸಬೇಕು, ಕ್ರೌನಿನ ಆಟ ಡಯಲ್ ಗೇಜಿನ್ಯಾಗ ಕಂಪನಿ ಪುಸ್ತಕದಷ್ಟು ತರಬೇಕು. ಕೈ ಅಂದಾಜಿನ್ಯಾಗ ಆಗೋ ಕೆಲಸ ಅಲ್ಲ ಇದು. ನೀವು ಎದುರಿಗೆ ನಿಂತು ಬಣ್ಣ ತೋರಿಸ್ರಿ ಅನ್ರಿ, ಚಲೋ ಮೇಸ್ತ್ರಿ ಅದಕ್ಕ ಸಿಟ್ಟಾಗಂಗಿಲ್ಲ.

ಪ್ರಶ್ನೆ: ಮಳಿಗಾಲದಾಗ ಹಳ್ಳ ದಾಟಿದ ಮ್ಯಾಲ ಹೌಸಿಂಗ್ ಆಯಿಲ್ ಹಾಲಿನಂಗ ಆಗೈತಿ, ಮ್ಯಾಲ ಹೊಸ ಆಯಿಲ್ ಹಾಕಿದ್ರ ಸಾಕಾಗ್ತೈತಿ?
ಭತ್ತದ ಗಾಡಿಯವ್ರು, ಸಿರುಗುಪ್ಪ

ಉತ್ತರ: ಸಾಕಾಗಂಗಿಲ್ಲ, ಪೂರ್ತಿ ಇಳಿಸ್ರಿ, ಇವತ್ತ ಇಳಿಸ್ರಿ. ನೀರು ಬೆರತ ಆಯಿಲ್ ಹಲ್ಲಿನ ನಡುವ ಪರದೆ ಕಟ್ಟಂಗಿಲ್ಲ. ಕಾದ ಹೌಸಿಂಗ್ ತಣ್ಣೀರಿಗೆ ಇಳದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ (ಹೌಸಿಂಗಿಗೆ ಗಾಳಿ ಆಡೋ ಕಿಂಡಿ) ನಿಂದಲೂ ಸೀಲಿನಿಂದಲೂ ನೀರು ಎಳಕೊಂಡಿರ್ತೈತಿ. ಬ್ರೀದರ್ ಬಿಚ್ಚಿ ಸ್ವಚ್ಛ ಮಾಡ್ರಿ, ಅದು ಮಣ್ಣು ಕಟ್ಟಿದ್ರ ಒಳಗ ಒತ್ತಡ ಏರಿ ಆಯಿಲ್ ಹಬ್ ಸೀಲ್ ದಾಟಿ ಬ್ರೇಕ್ ಲೈನರಿಗೆ ಬರ್ತೈತಿ, ಅದು ಸದ್ದಿಗಿಂತ ದೊಡ್ಡ ಅಪಾಯ. ಹೈಪಾಯ್ಡ್ (ಪಿನಿಯನ್ ಕ್ರೌನಿನ ನಡುಮಟ್ಟ ಬಿಟ್ಟು ಸರದು ಕೂಡೋ) ಹಲ್ಲಿಗೆ ಜಿಎಲ್-5 ದರ್ಜೆ ಆಯಿಲ್ ಬೇಕು, ದಪ್ಪ ಎಷ್ಟು ಅನ್ನೋದು ನಿಮ್ಮ ಗಾಡಿ ಪುಸ್ತಕದಾಗ ಇದ್ದಂಗ. ಫಿಲ್ಲರ್ ತೂತಿನ ಅಂಚಿಗೆ ಬರೂತನ ಹಾಕ್ರಿ, ಗಾಡಿ ಸಪಾಟ ನಿಂತಿರಬೇಕು.

ಪ್ರಶ್ನೆ: ನಂದು ಹತ್ತು ಗಾಲಿ ಟಿಪ್ಪರ್, ಹಿಂದ ಎರಡು ಹೌಸಿಂಗ್. ಸದ್ದು ಯಾವುದ್ರಿಂದ ಬರ್ತೈತಿ ಅಂತ ಹೆಂಗ ಗೊತ್ತು ಮಾಡ್ಲಿ?
ಓದುಗರು, ಸಂಡೂರು

ಉತ್ತರ: ಓಡಿಸಿ ಬಂದ ಕೂಡ್ಲೆ ಎರಡೂ ಹೌಸಿಂಗಿನ ಕಾವು ಹೋಲಿಸಿ ನೋಡ್ರಿ, ಎರಡರ ಆಯಿಲೂ ಬ್ಯಾರೆ ಬ್ಯಾರೆ ಬಟ್ಟಿನ್ಯಾಗ ಸೋಸ್ರಿ. ಇನ್ನೊಂದು, ನಾಲ್ಕು ಹೊಸ ಟೈರು ಒಂದು ಆಕ್ಸಲಿಗೆ, ಸವದ ನಾಲ್ಕು ಇನ್ನೊಂದಕ್ಕ ಹಾಕೀರೇನು? ಹಾಕಿದ್ರ ಎರಡೂ ಆಕ್ಸಲ್ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಿ ನಡುವಿನ ಡಿಫ್ರೆನ್ಷಿಯಲ್ (ಎರಡೂ ಆಕ್ಸಲಿಗೆ ಶಕ್ತಿ ಹಂಚೋ ಗೇರಿನ ಜೋಡಣಿ) ಸಪಾಟ ರಸ್ತೆಯಾಗೂ ಬಿಡುವಿಲ್ಲದ ತಿರುಗಿಕೊಂತ ಸವೀತೈತಿ. ಕೆಸರಿನ್ಯಾಗ ಹಾಕಿದ ಡಿಫ್ರೆನ್ಷಿಯಲ್ ಲಾಕ್ ಡಾಂಬರ್ ರಸ್ತೆಗೆ ಬಂದ ಮ್ಯಾಲೂ ಹಂಗ ಬಿಟ್ಟಿದ್ರ ಮೊದ್ಲು ಅದನ್ನ ತೆಗೀರಿ, ಟೈರು ಅದಲು ಬದಲು ಮಾಡಿ ಒಂದು ಟ್ರಿಪ್ ಓಡಿಸಿ ಮತ್ತ ಬರೀರಿ.