ಹಲ್ಲು ಜುಮ್ಮೆನ್ನುವುದೇಕೆ? ಓದುಗರ ಪ್ರಶ್ನೆಗೆ ದಂತವೈದ್ಯರ ಉತ್ತರ

ಪ್ರಶ್ನೆ: ನಾನು 42 ವರ್ಷದ ಶಿಕ್ಷಕಿ. ಒಂದು ವರ್ಷದಿಂದ ತಣ್ಣೀರು, ಪಾನಕ ಕುಡಿದಾಗ, ಕೆಲವೊಮ್ಮೆ ಬೆಳಗಿನ ಚಳಿಗಾಳಿ ತಾಕಿದಾಗಲೂ ಮೇಲಿನ ಎಡಭಾಗದ ಹಲ್ಲುಗಳು ಜುಮ್ಮೆನ್ನುತ್ತವೆ. ಹುಳುಕು ಕಾಣುವುದಿಲ್ಲ. ದಿನಕ್ಕೆರಡು ಬಾರಿ ಚೆನ್ನಾಗಿ ಒತ್ತಿ ಉಜ್ಜುತ್ತೇನೆ. ಸೆನ್ಸಿಟಿವಿಟಿ ಪೇಸ್ಟನ್ನು ಹತ್ತು ದಿನ ಬಳಸಿದರೂ ಪ್ರಯೋಜನವಾಗಲಿಲ್ಲ.
– ಓದುಗರು, ಹಾಸನ

ಉತ್ತರ: ‘ಚೆನ್ನಾಗಿ ಒತ್ತಿ ಉಜ್ಜುತ್ತೇನೆ’ ಎಂದು ಬರೆದಿದ್ದೀರಿ. ತೊಂದರೆಯ ಮೂಲ ಬಹುಶಃ ಅಲ್ಲಿಯೇ ಇದೆ. ಬಲಗೈಯಲ್ಲಿ ಬ್ರಶ್ ಹಿಡಿಯುವವರಲ್ಲಿ ಎಡಭಾಗದ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳ ಮೇಲೆ ಹೆಚ್ಚು ಒತ್ತಡ ಬೀಳುವುದರಿಂದ, ಅಲ್ಲಿ ವಸಡು ಮೇಲಕ್ಕೆ ಸರಿದು ಹಲ್ಲಿನ ಕುತ್ತಿಗೆ, ಅಂದರೆ ವಸಡಿನ ಅಂಚಿನಲ್ಲಿರುವ ಭಾಗ, ಸವೆದಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಹಲ್ಲಿನ ಹೊರಕವಚವಾದ ಎನಾಮೆಲ್‌ನಲ್ಲಿ ನರವಿಲ್ಲ, ಆದ್ದರಿಂದ ಅದಕ್ಕೆ ನೋವೂ ಇಲ್ಲ. ಅದರ ಕೆಳಗಿರುವ ಡೆಂಟಿನ್ ಹಾಗಲ್ಲ. ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿಯೇ ಅದರಲ್ಲಿ ಸಾವಿರಾರು ಸೂಕ್ಷ್ಮ ನಾಳಗಳಿರುತ್ತವೆ. ಅವುಗಳಲ್ಲಿ ದ್ರವ ತುಂಬಿದ್ದು, ಒಳತುದಿಯಲ್ಲಿ ಹಲ್ಲಿನ ತಿರುಳಿನ ನರಗಳಿರುತ್ತವೆ. ತಂಪು, ಗಾಳಿ ಅಥವಾ ಸಿಹಿ ತಾಕಿದಾಗ ಆ ದ್ರವ ತಟ್ಟನೆ ಚಲಿಸಿ ನರವನ್ನು ಕೆರಳಿಸುತ್ತದೆ ಎಂಬ ವಿವರಣೆಯನ್ನು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಅವರು 1960ರ ದಶಕದಲ್ಲಿ ಪ್ರಯೋಗಗಳ ಮೂಲಕ ಗಟ್ಟಿಗೊಳಿಸಿದರು. ಇಂದಿನ ಚಿಕಿತ್ಸೆಗೂ ಅದೇ ಆಧಾರ. ವಸಡು ಸರಿದಾಗ ಬಯಲಾಗುವ ಬೇರಿಗೆ ಎನಾಮೆಲ್‌ನ ರಕ್ಷಣೆಯಿಲ್ಲ. ಅದರ ಮೇಲಿನ ತೆಳುವಾದ ಸಿಮೆಂಟಮ್ ಪದರ ಬೇಗನೆ ಸವೆದು ಈ ನಾಳಗಳ ಬಾಯಿ ತೆರೆದುಕೊಳ್ಳುತ್ತದೆ.

ಹುಳಿಯೂ ಇದೇ ಕೆಲಸ ಮಾಡುತ್ತದೆ. ಹುಣಸೆ, ನಿಂಬೆ, ಮಾವಿನಕಾಯಿ ತಿಂದು ಹಲ್ಲು ಚಳಿತುಹೋಯಿತು ಎನ್ನುವುದು ನಮಗೆಲ್ಲ ಗೊತ್ತಿರುವ ಅನುಭವ. ಬಾಯಿಯ ಪಿಎಚ್ (ಹುಳಿಯ ಅಳತೆ; ಅದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನ ಖನಿಜಗಳು ಕರಗತೊಡಗುತ್ತವೆ. ತಂಪು ಪಾನೀಯಗಳು ಮತ್ತು ಹೊಟ್ಟೆಯಿಂದ ಮೇಲೆ ಬರುವ ಆಮ್ಲ ಇದಕ್ಕಿಂತಲೂ ಬಹಳ ಹುಳಿ. ಹುಳಿ ತಿಂದ ಕೂಡಲೇ ಮೇಲ್ಮೈ ಮೆತ್ತಗಾಗಿರುವುದರಿಂದ, ಆಗ ಉಜ್ಜದೆ ಬರಿ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ ಬ್ರಶ್ ಮಾಡಿರಿ.

ಪೇಸ್ಟಿನ ವಿಷಯದಲ್ಲಿ ಹತ್ತು ದಿನ ಸಾಲದು. ಜಾಹೀರಾತುಗಳು ಕ್ಷಣಮಾತ್ರದ ಉಪಶಮನದ ಆಸೆ ಹುಟ್ಟಿಸುತ್ತವೆ, ಅದನ್ನು ನಂಬಿ ಜನರು ನಡುವೆಯೇ ಕೈಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಶೇ 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರವನ್ನು ನಿಧಾನವಾಗಿ ಶಾಂತಗೊಳಿಸುತ್ತದೆ. ಅದರ ಗುಣ ತಿಳಿಯಲು ದಿನಕ್ಕೆರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬೇಕು. ಸ್ಟ್ಯಾನಸ್ ಫ್ಲೋರೈಡ್ ಅಥವಾ ಆರ್ಜಿನೈನ್ ಇರುವವು ನಾಳಗಳ ಬಾಯಿಯನ್ನು ಮುಚ್ಚುವ ಬಗೆಯವು. ಯಾವುದೇ ಆಗಲಿ, ಉಜ್ಜಿದ ಮೇಲೆ ಉಗುಳಿರಿ, ಆದರೆ ನೀರು ತುಂಬಿಕೊಂಡು ಮತ್ತೆ ಮತ್ತೆ ಮುಕ್ಕಳಿಸಬೇಡಿ. ‘ಸಾಫ್ಟ್’ ಎಂದು ಬರೆದಿರುವ ಬ್ರಶ್ ಕೊಂಡು, ಪೆನ್ನು ಹಿಡಿದಂತೆ ಬೆರಳುಗಳಲ್ಲಿ ಹಿಡಿದು ಉಜ್ಜಿದರೆ ಒತ್ತಡ ತಾನಾಗಿಯೇ ಇಳಿಯುತ್ತದೆ. ಇದ್ದಿಲು, ಉಪ್ಪು, ಒರಟಾದ ಹಲ್ಲುಪುಡಿ ಇವುಗಳನ್ನು ದಯವಿಟ್ಟು ಬಿಟ್ಟುಬಿಡಿ.

ನಾಲ್ಕು ವಾರ ಕಳೆದರೂ ಕಡಿಮೆಯಾಗದಿದ್ದರೆ ದಂತವೈದ್ಯರು ಫ್ಲೋರೈಡ್ ವಾರ್ನಿಶ್ ಲೇಪಿಸಬಹುದು. ಕುತ್ತಿಗೆಯಲ್ಲಿ ತಗ್ಗು ಬಿದ್ದಿದ್ದರೆ ಅಲ್ಲಿಗೆ ಫಿಲ್ಲಿಂಗ್ ತುಂಬುತ್ತಾರೆ. ವಸಡು ತೀರಾ ಸರಿದಿದ್ದರೆ ಅಂಗುಳಿನ ಅಂಗಾಂಶದಿಂದ ಕಸಿ ಮಾಡುವುದೂ ಉಂಟು. ಹುಳುಕು ಇಲ್ಲವೆಂದು ಕನ್ನಡಿ ನೋಡಿ ತೀರ್ಮಾನಿಸಬೇಡಿ, ಎರಡು ಹಲ್ಲುಗಳ ನಡುವಿನ ಹುಳುಕು ಎಷ್ಟೋ ಸಲ ಎಕ್ಸ್‌ರೇಗೆ ಮಾತ್ರ ಸಿಕ್ಕುತ್ತದೆ.

ಪ್ರಶ್ನೆ: ವಯಸ್ಸು 61. ಹಲವು ವರ್ಷಗಳಿಂದ ಕವಳ (ಎಲೆ-ಅಡಿಕೆ) ಹಾಕುವ ಅಭ್ಯಾಸವಿದ್ದು ದವಡೆ ಹಲ್ಲುಗಳು ಸವೆದಿವೆ. ಮೊದಲು ತಣ್ಣೀರಿಗೆ ಮಾತ್ರ ಜುಮ್ಮೆನ್ನುತ್ತಿತ್ತು. ಈಗ ಬಿಸಿ ಕಾಫಿ ಕುಡಿದರೆ ಒಂದು ಹಲ್ಲು ಬಹಳ ಹೊತ್ತು ನೋಯುತ್ತದೆ, ರಾತ್ರಿ ನಿದ್ದೆಯೂ ಬರುವುದಿಲ್ಲ. ಲವಂಗದ ಎಣ್ಣೆ ಹಚ್ಚುತ್ತಿದ್ದೇನೆ.
– ಓದುಗರು, ಶಿರಸಿ

ಉತ್ತರ: ಇದನ್ನು ಪೇಸ್ಟಿನಿಂದ ಗುಣವಾಗುವ ಜುಮ್ಮೆಂದು ತಿಳಿದು ದಿನ ದೂಡಬೇಡಿ. ಜುಮ್ಮೆನ್ನುವ ಹಲ್ಲಿನ ನೋವು ತಂಪು ಸರಿದ ಕೂಡಲೇ, ಕೆಲವೇ ಕ್ಷಣಗಳಲ್ಲಿ ನಿಂತುಹೋಗುತ್ತದೆ. ಬಿಸಿಗೆ ಆರಂಭವಾಗಿ ನಿಮಿಷಗಟ್ಟಲೆ ಉಳಿಯುವ, ಮಲಗಿದಾಗ ಹೆಚ್ಚುವ ನೋವು ತಿರುಳು ಉರಿಯೂತಕ್ಕೆ ಒಳಗಾಗಿರುವುದರ ಸೂಚನೆಯಾಗಿದ್ದು, ಸಾಮಾನ್ಯವಾಗಿ ಅದಕ್ಕೆ ಬೇರುನಾಳದ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಬೇಕಾಗುತ್ತದೆ. ಅಡಿಕೆ ಜಗಿಯುವವರ ಹಲ್ಲಿನಲ್ಲಿ ಬಿರುಕು ಬಿಟ್ಟಿರುವ ಸಾಧ್ಯತೆಯೂ ಇದೆ. ಕಚ್ಚಿ ಬಿಟ್ಟಾಗ ಚುಚ್ಚಿದಂತಾದರೆ ಅದನ್ನು ವೈದ್ಯರಿಗೆ ತಿಳಿಸಿ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಕೆಲಹೊತ್ತು ಮರಗಟ್ಟಿಸುತ್ತದೆಯೇ ಹೊರತು ರೋಗ ಅಲ್ಲಿಯೇ ಇರುತ್ತದೆ, ಹೆಚ್ಚು ಹಚ್ಚಿದರೆ ವಸಡು ಸುಡುತ್ತದೆ. ಈ ವಾರವೇ ತೋರಿಸಿಕೊಳ್ಳಿ. ಕೆನ್ನೆ ಊದಿ ಜ್ವರ ಬಂದರೆ ಒಂದು ದಿನವೂ ತಡಮಾಡಬಾರದು. ಬಾಯಿ ತೆರೆಯಲು ಬಿಗಿತ, ಬಿಳಿ ಮಚ್ಚೆ ಅಥವಾ ಮಾಯದ ಹುಣ್ಣು ಇದ್ದರೆ ಅದನ್ನೂ ಅಂದೇ ಪರೀಕ್ಷಿಸಲು ಹೇಳಿರಿ. ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುವ ಅಪಾಯವಿರುವುದರಿಂದ ಕವಳವನ್ನು ಬಿಡುವುದೇ ಲೇಸು.

ಪ್ರಶ್ನೆ: ನಮ್ಮೂರಿನ ಕೊಳವೆ ಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚು. ಜುಮ್ಮೆನ್ನುವ ಹಲ್ಲಿಗೆ ಫ್ಲೋರೈಡ್ ಪೇಸ್ಟ್ ಬಳಸಿದರೆ ತೊಂದರೆಯೇ? ಮನೆಯಲ್ಲಿ ಐದು ವರ್ಷದ ಮಗುವೂ ಇದೆ.
– ಓದುಗರು, ಗದಗ ಜಿಲ್ಲೆ

ಉತ್ತರ: ನಿಮಗೆ ತೊಂದರೆಯಿಲ್ಲ. ಹಲ್ಲಿನ ಮೇಲೆ ಕಲೆ ಮೂಡಿಸುವ ಫ್ಲೋರೋಸಿಸ್ ಬರುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ, ನುಂಗಿದ ಫ್ಲೋರೈಡ್‌ನಿಂದ. ದೊಡ್ಡವರು ಹಚ್ಚಿ ಉಗುಳುವ ಪೇಸ್ಟ್ ಮೇಲ್ಮೈಯನ್ನು ಗಟ್ಟಿಗೊಳಿಸುವುದೇ ಹೆಚ್ಚು. ಮಗುವಿನ ವಿಷಯದಲ್ಲಿ ಎಚ್ಚರ ಬೇಕು: ಬಟಾಣಿ ಕಾಳಿನಷ್ಟೇ ಪೇಸ್ಟ್ ಹಾಕಿ, ಪಕ್ಕದಲ್ಲಿ ನಿಂತು ಉಗುಳಿಸಿರಿ. ನೀವು ಬಳಸುವ ಸೆನ್ಸಿಟಿವಿಟಿ ಪೇಸ್ಟನ್ನು 12 ವರ್ಷದೊಳಗಿನವರಿಗೆ ವೈದ್ಯರ ಸಲಹೆಯಿಲ್ಲದೆ ಕೊಡಬೇಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದೂ, ಬೇರೆ ನೀರು ಸಿಗದಿದ್ದಾಗ 1.5 ಮಿಲಿಗ್ರಾಂವರೆಗೆ ಎಂದೂ ಭಾರತೀಯ ಮಾನಕ ಹೇಳುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಕೊಳವೆ ಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಪ್ರಮಾಣ ಹೆಚ್ಚಿದ್ದರೆ ಮಗುವಿಗೆ ಶುದ್ಧೀಕರಣ ಘಟಕದ ನೀರನ್ನು ಅಥವಾ ಶೇಖರಿಸಿದ ಮಳೆನೀರನ್ನು ಶುದ್ಧಮಾಡಿ ಕುಡಿಸಿರಿ.