ಆಯ್ಲರ್‌ಗೆ 641 ಸಿಕ್ಕಿದ್ದು ಹೇಗೆ?

ಪ್ರಶ್ನೆ: 429 ಕೋಟಿ 49 ಲಕ್ಷ 67 ಸಾವಿರದ 297 ಅವಿಭಾಜ್ಯ ಸಂಖ್ಯೆ ಅಂತ ಗಣಿತಜ್ಞ ಫರ್ಮಾ ನಂಬಿದ್ದರಂತೆ. ಅದನ್ನು 641 ಭಾಗಿಸುತ್ತದೆ ಅಂತ ಆಮೇಲೆ ಬಂದ ಗಣಿತಜ್ಞ ಆಯ್ಲರ್ ತೋರಿಸಿದರು ಎಂದು ಮಗಳ ಪುಸ್ತಕದಲ್ಲಿದೆ. ಮೊಬೈಲಲ್ಲಿ ಭಾಗಿಸಿ ನೋಡಿದೆ, ನಿಜ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? 2, 3, 5, 7 ಅಂತ ಒಂದೊಂದಾಗಿ ಭಾಗಿಸುತ್ತಾ ಹೋದರಾ?

ಉತ್ತರ: ಹಾಗೆ ಹೋಗಬೇಕಾಗಿಯೇ ಇಲ್ಲ. ಹೋದರೆ 641 ಬರುವುದು 116ನೇ ಸರದಿಗೆ. ಸರಿಯಾದ ದಾರಿ ಹಿಡಿದರೆ ಐದೇ ಭಾಗಾಕಾರ ಸಾಕು. ನನಗೆ ಈ ಲೆಕ್ಕ ಇಷ್ಟವಾಗುವುದೇ ಅದಕ್ಕೆ.

ನಿಮ್ಮ ಸಂಖ್ಯೆ ಎಂದರೆ 32 ಎರಡುಗಳನ್ನು ಒಂದಕ್ಕೊಂದು ಗುಣಿಸಿ (2ರ 32ನೇ ಘಾತ) 1 ಕೂಡಿಸಿದ್ದು. ಇದೇ ಮಾದರಿಯಲ್ಲಿ 32ರ ಬದಲು 1, 2, 4, 8, 16 ಇಟ್ಟರೆ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಮುಂದಿನದೂ ಹಾಗೇ ಇರಬೇಕು ಅಂತ 1640ರಲ್ಲಿ ಫರ್ಮಾಗೆ ಅನಿಸಿತು. ಅನಿಸಿದ್ದರಲ್ಲಿ ತಪ್ಪೇನಿಲ್ಲ, ಐದಕ್ಕೆ ಐದೂ ಸರಿ ಬಂದಿದ್ದವು ಅಲ್ವಾ?

ಈಗ ಒಂದು ಚಿಕ್ಕ ಲೆಕ್ಕ ನೋಡಿ. 1, 2, 4, 8 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿಯೊಂದನ್ನೂ 17ರಿಂದ ಭಾಗಿಸಿ ಶೇಷ ಮಾತ್ರ ಬರೆಯಿರಿ: 1, 2, 4, 8, 16, 15, 13, 9, ಮತ್ತೆ 1. ಎಂಟು ಹೆಜ್ಜೆಗೆ ಒಂದು ಸುತ್ತು. 17ರಲ್ಲಿ 1 ಕಳೆದರೆ 16, ಅದು 8ರ ಮಗ್ಗಿಯಲ್ಲಿದೆ. ಯಾವ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡರೂ (2 ಒಂದನ್ನು ಬಿಟ್ಟು) ಹೀಗೇ ಆಗುತ್ತದೆ. ಸುತ್ತಿನ ಉದ್ದ, ಆ ಸಂಖ್ಯೆಯಲ್ಲಿ 1 ಕಳೆದದ್ದನ್ನು ಸರಿಯಾಗಿ ಭಾಗಿಸುತ್ತದೆ. ಈ ನಿಯಮ ಕಂಡುಕೊಂಡವರೂ ಫರ್ಮಾ, ಅದೂ ಅದೇ 1640ರಲ್ಲಿ!

ನಮ್ಮ ದೊಡ್ಡ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದಕ್ಕೆ ಈ ಸುತ್ತು 64 ಹೆಜ್ಜೆಯದು. 32ನೇ ಹೆಜ್ಜೆಗೆ ಶೇಷ 1ಕ್ಕೆ ಬದಲು ಮೈನಸ್ 1, ಅಂದರೆ ಭಾಜಕಕ್ಕಿಂತ 1 ಕಡಿಮೆ ಆಗಿರುತ್ತದೆ (1 ಕೂಡಿಸಿದರೆ ಸರಿಯಾಗಿ ಭಾಗವಾಗಬೇಕಲ್ಲ), ಇನ್ನೊಂದು 32 ನಡೆದರೆ 1ಕ್ಕೆ ವಾಪಸ್. ಹಾಗಾಗಿ ಭಾಜಕದಲ್ಲಿ 1 ಕಳೆದರೆ ಉಳಿಯುವುದು 64ರ ಮಗ್ಗಿಯಲ್ಲಿ ಇರಲೇಬೇಕು. 65, 129, 193, 257 ಹೀಗೆ ಬರೆದುಕೊಂಡು ಹೋಗಿ ಅವಿಭಾಜ್ಯಗಳನ್ನು ಮಾತ್ರ ಉಳಿಸಿಕೊಳ್ಳಿ: 193, 257, 449, 577, 641. ಐದನೆಯದೇ ನಮಗೆ ಬೇಕಾದದ್ದು. ಆಯ್ಲರ್ 1732ರಲ್ಲಿ ಉತ್ತರ ಹೇಳಿದರು, ದಾರಿಯನ್ನು ವಿವರವಾಗಿ ಬರೆದದ್ದು ಆಮೇಲೆ.

ಮಗಳ ಜೊತೆ ಕೂತು ಮೊಬೈಲ್ ಬದಿಗಿಟ್ಟು ಇದನ್ನು ಮಾಡಿ. 2ರ 8ನೇ ಘಾತ 256. ಅದರ ವರ್ಗ 65536. 641ರಿಂದ ಭಾಗಿಸಿದರೆ ಶೇಷ 154. ದೊಡ್ಡ ಸಂಖ್ಯೆ ಬಿಟ್ಟುಬಿಡಿ, ಈ 154 ಒಂದೇ ಸಾಕು. ಅದರ ವರ್ಗ 23716. ಮತ್ತೆ 641ರಿಂದ ಭಾಗಿಸಿದರೆ ಶೇಷ 640. ಇದು 2ರ 32ನೇ ಘಾತದ ಶೇಷ. ಇದಕ್ಕೆ 1 ಕೂಡಿಸಿ: 641. ಶೇಷ ಏನೂ ಉಳಿಯಲಿಲ್ಲ. 429 ಕೋಟಿಯ ಲೆಕ್ಕ, ಐದಂಕಿ ದಾಟದೆ ಮುಗಿಯಿತು.

641ರಿಂದ ಭಾಗಿಸಿದಾಗ ಬರುವ ಇನ್ನೊಂದು ಭಾಗ 6700417. ಅದು ಅವಿಭಾಜ್ಯವೇ. ಅದನ್ನು ಪರೀಕ್ಷಿಸಲೂ 64ರ ಮಗ್ಗಿಯೇ ಸಾಕು, ಏಕೆಂದರೆ ಅದನ್ನು ಭಾಗಿಸುವುದು ಮೂಲ ಸಂಖ್ಯೆಯನ್ನೂ ಭಾಗಿಸಬೇಕಲ್ಲ. 2588ರಾಚೆಗೆ ಹುಡುಕಬೇಕಿಲ್ಲ, 2589ರ ವರ್ಗವೇ 6700417ಕ್ಕಿಂತ ಜಾಸ್ತಿ.